ಎಡಗೈಯ ಹಳದಿ

2023ರ ಅಕ್ಟೋಬರ್‌ನ ಒಂದು ಶನಿವಾರ, ಅಮೆರಿಕದ ಲಾರೆನ್ಸ್‌ವಿಲ್‌ನ ಚೀನೀ ಗಿಡಮೂಲಿಕೆ ಅಂಗಡಿಯ ವೃದ್ಧೆ ಬೇರು ತೂಗುವುದನ್ನು ಅರ್ಧಕ್ಕೇ ನಿಲ್ಲಿಸಿದರು.

ಔಷಧಿ ಬೇಕಿದ್ದದ್ದು ನಮ್ಮ ಪಕ್ಕದ ಮನೆಯ ಸುಮಿತ್ರಾ ಆಂಟಿಯ ಅಜೀರ್ಣಕ್ಕೆ. ಅವರ ನಾಡಿಯನ್ನು ಎರಡೂ ಮಣಿಕಟ್ಟಿನಲ್ಲಿ ನೋಡಿ ಆಗಿತ್ತು. ನಿವೃತ್ತ ವೈದ್ಯರಾದ ಅವರ ಗಂಡ ಶ್ರೀಪತಿ ಅಂಕಲ್ ತಮಾಷೆ ನೋಡಲೆಂದೇ ಬಂದಿದ್ದರು.

“ನಂದೂ ಚೆಕ್ ಮಾಡ್ಲಿ ಬಿಡೇ, ಬದುಕಿದ್ದೀನೋ ಇಲ್ವೋ” ಎಂದು ನಗುತ್ತಾ ಅವರು ಬಲಗೈ ಚಾಚಿದರು. ಅಂಗೈ ಹಳದಿಯಾಗಿತ್ತು. ವೃದ್ಧೆ ಅದನ್ನೇ ದಿಟ್ಟಿಸಿದರು.

“ಅರಿಶಿನ ಅಂತ ಹೇಳಮ್ಮ ಅವರಿಗೆ. ಇವರು ಬೆಳಿಗ್ಗೆ ಚಿತ್ರಾನ್ನ ತಿಂದಿದಾರೆ” ಎಂದು ಆಂಟಿ ನನಗೆ ಹೇಳಿದರು. ನಾನೂ ಹಾಗೆಯೇ ಅಂದುಕೊಂಡು ಇಂಗ್ಲಿಷಿನಲ್ಲಿ ಹೇಳಿದೆ.

ವೃದ್ಧೆ ಅಂಕಲ್‌ರ ಎಡಗೈಯನ್ನೂ ಎಳೆದು, ಮಗುಚಿ, ಬಲಗೈಯ ಪಕ್ಕದಲ್ಲಿಟ್ಟರು. ಎರಡೂ ಅಂಗೈ ಒಂದೇ ಹಳದಿ.

ನಲವತ್ತು ವರ್ಷ ರೋಗಿಗಳ ಕಣ್ಣು ನೋಡಿದ್ದ ಅಂಕಲ್ ಎದ್ದು ಗೋಡೆಯ ಕನ್ನಡಿಯ ಮುಂದೆ ನಿಂತರು. ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ಬಹಳ ಹೊತ್ತು ನೋಡಿಕೊಂಡರು.

ವೃದ್ಧೆ ತಕ್ಕಡಿಯನ್ನು ಬದಿಗೆ ಸರಿಸಿ ಇಂಗ್ಲಿಷಿನಲ್ಲಿ, “ಇವರಿಗೆ ನನ್ನಲ್ಲಿ ಔಷಧಿ ಇಲ್ಲ. ಆಸ್ಪತ್ರೆಗೆ ಹೋಗಿ, ಇವತ್ತೇ” ಎಂದರು.

ಪಿತ್ತನಾಳದಲ್ಲಿ ಗೆಡ್ಡೆಯಿತ್ತು. ಅದೇ ತಿಂಗಳು ಶಸ್ತ್ರಚಿಕಿತ್ಸೆಯಾಯಿತು. ಕಳೆದ ಭಾನುವಾರ ಅವರ ಮನೆಯಲ್ಲಿ ನನಗೆ ಊಟವಿತ್ತು, ಚಿತ್ರಾನ್ನ ಮಾಡಿದ್ದರು. ಊಟ ಮುಗಿಸಿ ಅಂಕಲ್ ಕೈತೊಳೆದು ಬಂದಾಗ ಆಂಟಿ ಅವರ ಎಡಗೈ ಹಿಡಿದು, ತಿರುಗಿಸಿ ನೋಡಿದರು.