ಗೋಡುಮಣ್ಣು ತುಂಬಿದ ತಪ್ಪು

ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ ನಾನು ಶಿರಾ ನಗರಸಭೆಯಲ್ಲಿ ಸಹಾಯಕ ಎಂಜಿನಿಯರ್. ಚರಂಡಿ, ರಸ್ತೆ, ಬೀದಿದೀಪ, ಎಲ್ಲದಕ್ಕೂ ಬೈಸಿಕೊಳ್ಳುವ ಹುದ್ದೆ. ಸಿಡುಕು ನನಗೆ ಹುಟ್ಟುಗುಣ. ಹುದ್ದೆ ಅದಕ್ಕೆ ಒಗ್ಗರಣೆ ಹಾಕಿತ್ತು.

ಇಳಿಜಾರು ಬೀದಿಯೊಂದರ ತುದಿಯಲ್ಲಿ ಈರಕ್ಕನ ಮನೆ. ಹುಲಿಕುಂಟೆ ಕಡೆಯ ಕುರಿ ಸಾಕುವ ಮನೆತನದವರು, ಊರಲ್ಲಿ ಕೂಲಿ ಮಾಡಿಕೊಂಡಿದ್ದರು. ಜೋರು ಮಳೆ ಬಂದರೆ ಇಡೀ ಬೀದಿಯ ನೀರು ಅವರ ಹೊಸ್ತಿಲು ದಾಟುತ್ತಿತ್ತು. ಹೀಗಾಗಿ ಮಳೆಗಾಲವಿಡೀ ಆ ಮನೆಯಲ್ಲಿ ಮಂಚದ ಮೇಲೆ ರಾಗಿ ಚೀಲ, ನೆಲದ ಮೇಲೆ ಮನುಷ್ಯರು.

ಅವರ ಮನೆಯೆದುರಿನ ಖಾಲಿ ಜಾಗದಲ್ಲಿ ರೇನ್ ಗಾರ್ಡನ್ ಮಾಡಲು ಹೊರಟೆ. ಅಂದರೆ ತಗ್ಗಿನಲ್ಲೊಂದು ಕೈತೋಟ. ರಸ್ತೆಯ ಮಳೆನೀರು ಅದಕ್ಕೆ ಇಳಿಯಬೇಕು. ಒಂದಷ್ಟನ್ನು ಮಣ್ಣು ಕುಡಿಯಬೇಕು, ಒಂದಷ್ಟನ್ನು ಗಿಡ ಹೀರಿ ಎಲೆಯ ಮೂಲಕ ಗಾಳಿಗೆ ಬಿಡಬೇಕು. ಗುಂಡಿ ತೋಡಿಸಿ, ಒಳ್ಳೆಯ ಮಣ್ಣೇ ಇರಲೆಂದು ಕಳ್ಳಂಬೆಳ್ಳದ ಕಡೆಯಿಂದ ಕೆರೆಯ ತಳದ ಜಿಗುಟು ಗೋಡುಮಣ್ಣು ತರಿಸಿದೆ. ನಮ್ಮಪ್ಪ ಹೊಲಕ್ಕೆ ಹೊಡೆಸುತ್ತಿದ್ದದ್ದೂ ಅದನ್ನೇ. ಈರಕ್ಕ ಒಂದು ಹಿಡಿ ತೆಗೆದು ಹಿಚುಕಿ ನೋಡಿ, ಇದು ಬೇಡ ಅಂದರು. ಮಣ್ಣಿನ ವಿಷಯ ನನಗೆ ಬಿಡಿ ಎಂದು ಗದರಿ ಕಳಿಸಿದೆ. ಮೇಲೆ ಲಾನ್ ಹುಲ್ಲು ಹಾಸಿಸಿದೆ.

ಮೊದಲ ಮಳೆಯ ನೀರು ಆರು ದಿನವಾದರೂ ಇಂಗಲಿಲ್ಲ. ಬೀದಿಯ ತುಂಬ ಸೊಳ್ಳೆ. ಏಳನೇ ದಿನ ಮತ್ತೆ ಮಳೆ ಬಂತು. ಗುಂಡಿ ತುಂಬಿ, ನೀರು ಈರಕ್ಕನ ಅಡುಗೆಮನೆಗೇ ನುಗ್ಗಿತು. ಗುಂಡಿ ಮುಚ್ಚಿ ಕಾಂಕ್ರೀಟ್ ಹಾಕಿಸಿ ಎಂದರು ಮೇಲಧಿಕಾರಿ. ಹಾಕಿಸಿದರೆ ನೀರಿಗೆ ಆ ಹೊಸ್ತಿಲೇ ಖಾಯಂ ದಾರಿ. ಇನ್ನೊಂದು ಮಳೆಯವರೆಗೆ ಅವಕಾಶ ಕೊಡಿ ಎಂದು ಗೋಗರೆದು, ನೆಟ್ಟಗೆ ಈರಕ್ಕನ ಮನೆಗೆ ಹೋದೆ. ಆಕೆ ಚೊಂಬಿನಲ್ಲಿ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದರು. ಬೈಯಬಹುದಿತ್ತು. ಬೈಯಲಿಲ್ಲ.

“ಗೋಡು ಹೊಲಕ್ಕೆ ಚಿನ್ನ ಕಣ್ಸಾರ್. ನೀರು ಹಿಡ್ಕಂಬೋದೇ ಅದ್ರ ಗುಣ. ನೀವು ಬುಡು ಅಂದ್ರೆ ಅದೆಂಗೆ ಬುಡ್ತದೆ?”

ಮಣ್ಣಿನೊಳಗೆ ನೀರಿಳಿಯುವುದಕ್ಕೆ ನಾವು ಇನ್‌ಫಿಲ್ಟ್ರೇಷನ್ ಎನ್ನುತ್ತೇವೆ. ಪರೀಕ್ಷೆಗೆ ಓದಿದ್ದೆ, ಕೆಲಸಕ್ಕೆ ಮರೆತಿದ್ದೆ. ಗೋಡು ತೆಗೆಸಿ, ದಪ್ಪ ಮರಳಿಗೆ ಒಂದಷ್ಟು ಕೆಮ್ಮಣ್ಣು, ಕುರಿಗೊಬ್ಬರ ಬೆರೆಸಿ ತುಂಬಿಸಿದೆವು. ಅರ್ಧ ಭಾಗಕ್ಕೆ ಈರಕ್ಕ ಲಾವಂಚ ನೆಟ್ಟರು. ಇನ್ನರ್ಧಕ್ಕೆ ನಾನು ಲಾನನ್ನೇ ಹಾಸಿಸಿದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

ಮುಂದಿನ ಮಳೆಯ ನೀರು ಒಂದೇ ದಿನದಲ್ಲಿ ಇಂಗಿತು. ಕಾಂಕ್ರೀಟಿನ ಮಾತು ಅಲ್ಲಿಗೇ ನಿಂತಿತು. ಮರುವರ್ಷ ಮಳೆ ನಿಂತ ವಾರದ ನಂತರ ಎರಡೂ ಕಡೆ ಅಗೆದು ನೋಡಿದೆ. ಲಾನಿನಡಿ ಒಂದು ಗೇಣು ಹೋದರೆ ಇನ್ನೂ ಹಸಿ. ಲಾವಂಚದ ಕಡೆ ಎರಡು ಅಡಿಯವರೆಗೂ ಒಣಮಣ್ಣು. ಆ ಬೇರುಗಳು ಆಳದ ನೀರನ್ನೂ ಹೀರಿ, ಮುಂದಿನ ಮಳೆಗೆ ಜಾಗ ಮಾಡಿಟ್ಟಿದ್ದವು. ನನ್ನ ಲಾನನ್ನು ಅವತ್ತೇ ಕೀಳಿಸಿದೆ.

ಮಣ್ಣು ಒಳ್ಳೆಯದೇ ಎಂದು ಕೇಳುವ ಮೊದಲು ಯಾವ ಕೆಲಸಕ್ಕೆ ಎಂದು ಕೇಳಬೇಕು. ನೀರು ಯಾರ ಮನೆಗೆ ನುಗ್ಗುತ್ತದೋ ಅವರನ್ನೇ ಮೊದಲು ಕೇಳಬೇಕು. ಇಷ್ಟು ಕಲಿಯಲು ನನಗೆ ಮೂವತ್ತು ವರ್ಷದ ಸರ್ವೀಸು ಸಾಲದೆ ಈರಕ್ಕ ಬೇಕಾದರು. ಆ ಋಣ ದೊಡ್ಡದು.

ನಿವೃತ್ತಿಯ ವಾರ ಈರಕ್ಕನ ಮನೆಗೆ ಹೇಳಿಬರಲು ಹೋದೆ. ಹಿಂದಿನ ದಿನವಷ್ಟೇ ದೊಡ್ಡ ಮಳೆಯಾಗಿತ್ತು. ರಾಗಿ ಚೀಲ ಗೋಡೆಗೊರಗಿ ನೆಲದ ಮೇಲಿತ್ತು. ಈರಕ್ಕ ಸೆರಗಿನಿಂದ ಮಂಚ ಒರೆಸಿ, “ಕೂತ್ಕಳಿ ಸಾರ್” ಎಂದರು.