ಹನ್ನೊಂದು ಗಂಟೆಯ ಖಾಲಿ ಬಕೆಟ್ಟು

ಹಡಗಿನ ಮ್ಯೂಸಿಯಮ್ಮಿನಲ್ಲಿ ಎಲ್ಲರೂ ಅವಳನ್ನು ಉಪ್ಪಕ್ಕ ಅಂತಲೇ ಕರೆಯುವುದು. ಇಪ್ಪತ್ತಾರು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ಬೆಳಿಗ್ಗೆ ಆರಕ್ಕೆ ಆ ನೂರು ವರ್ಷದ ಮರದ ಹಡಗು ಹತ್ತಬೇಕು, ಹಗ್ಗ ಕಟ್ಟಿದ ಬಕೆಟ್ಟನ್ನು ಕೆಳಗೆ ಬಿಟ್ಟು ಸಮುದ್ರದ ನೀರು ಸೇದಬೇಕು, ಡೆಕ್ಕಿನ ಹಲಗೆಗಳನ್ನೆಲ್ಲ ಉಜ್ಜಿ ತೊಳೆಯಬೇಕು. ಅದೇನು ಮಹಾ ಕೆಲಸ ಅಂತ ಮೂಗು ಮುರಿಯಬೇಡಿ. ಮಳೆಯ ಸಿಹಿನೀರು ಸಂದಿಯಲ್ಲಿ ಕೂತರೆ ಮರ ಒಳಗೊಳಗೇ ಕೊಳೆಯುತ್ತದೆ. ಉಪ್ಪುನೀರು ಕುಡಿದ ಹಲಗೆ ಉಬ್ಬಿ ಸಂದಿ ಮುಚ್ಚಿಕೊಳ್ಳುತ್ತದೆ, ಕೊಳೆ ಹತ್ತಿರ ಸುಳಿಯುವುದಿಲ್ಲ. ಇದನ್ನು ಅವಳಿಗೆ ಕಲಿಸಿದ್ದು ಅದೇ ಹಡಗಿನ ಬಡಗಿಯಾಗಿದ್ದ ಅವಳ ಅಪ್ಪ.

ಎಲ್ಲ ಸರಿಯಾಗಿಯೇ ಇತ್ತು, ಹೊಸ ಮೇಲ್ವಿಚಾರಕ ಬರುವವರೆಗೆ. ಇಸ್ತ್ರಿ ಮುರಿಯದ ಅಂಗಿಯ ಆ ಪುಣ್ಯಾತ್ಮ ಬಂದ ವಾರವೇ ಅವಳನ್ನು ಆಫೀಸಿಗೆ ಕರೆಸಿದ. ಕೂತುಕೋ ಅನ್ನಲೂ ಇಲ್ಲ.

“ನೋಡಮ್ಮ, ನಾಳೆಯಿಂದ ಉಪ್ಪುನೀರು ಬೇಡ. ಬಂದವರ ಬೂಟಿಗೆಲ್ಲ ಬಿಳೀ ಕಲೆ. ಡೆಕ್ಕಿಗೆ ವಾರ್ನಿಶ್ ಹೊಡೆಸ್ತಿದೀನಿ.”

“ಸಾರ್, ಮೊನ್ನೆಯಷ್ಟೇ ಮಳೆ ಬಂದಿದೆ, ಹಲಗೆ ಇನ್ನೂ ಹಸಿ. ಈಗ ವಾರ್ನಿಶ್ ಹೊಡೆದ್ರೆ ನೀರು ಒಳಗೇ ಸಿಕ್ಕಿಕೊಳ್ಳುತ್ತೆ. ಡೆಕ್ಕು ಹಾಳಾಗಿ ಹೋಗುತ್ತೆ.”

“ನೀವೇನು ಇಂಜಿನಿಯರಾ?”

“ಅಲ್ಲ ಸಾರ್, ತೊಳೆಯೋಳು.”

“ಹಾಗಾದ್ರೆ ಹೇಳಿದಷ್ಟು ಮಾಡಿ.”

ಅವಳು ಎರಡು ಸಲ ಅರ್ಜಿ ಬರೆದುಕೊಟ್ಟಳು. ಎರಡೂ ಅವನ ಡ್ರಾಯರಿನಲ್ಲಿ ಬೆಚ್ಚಗೆ ಮಲಗಿದವು. ಡೆಕ್ಕು ಕನ್ನಡಿಯ ಹಾಗೆ ಹೊಳೆಯಿತು. ಮೇಲೆ ಥಳುಕು, ಒಳಗೆ ಹುಳುಕು. ಆದರೆ ನೋಡಲು ಬಂದ ದೊಡ್ಡವರೆಲ್ಲ ಭೇಷ್ ಅಂದದ್ದೇ ಅಂದದ್ದು.

ಅಷ್ಟಕ್ಕೇ ಬಿಟ್ಟಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ಮರುವರ್ಷ ಅವನಿಗೆ ಇನ್ನೊಂದು ಬುದ್ಧಿ ಹೊಳೆಯಿತು. ಹಿಂದಿನ ಕಾಲದಲ್ಲಿ ಡೆಕ್ಕು ಹೇಗೆ ತೊಳೆಯುತ್ತಿದ್ದರು ಅಂತ ಜನರಿಗೆ ತೋರಿಸಬೇಕಂತೆ. ದಿನಾ ಹನ್ನೊಂದು ಗಂಟೆಗೆ, ಪಟ್ಟೆಪಟ್ಟೆ ಅಂಗಿ ಹಾಕಿಕೊಂಡು, ಖಾಲಿ ಬಕೆಟ್ಟು ಹಿಡಿದು ಉಪ್ಪಕ್ಕ ಅಭಿನಯ ಮಾಡಬೇಕು. ನೀರು ಮಾತ್ರ ಒಂದು ಹನಿಯೂ ಬೀಳಕೂಡದು. ನಿಜವಾದ ಕೆಲಸ ನಿಲ್ಲಿಸಿ ಅದರ ನಾಟಕ ಆಡಿಸುವುದೆಂದರೆ, ಹೇಳಿ, ಯಾರ ಮೈ ಉರಿಯುವುದಿಲ್ಲ?

“ಬಿಟ್ಟು ಬಂದುಬಿಡೇ ಅಕ್ಕ,” ಅಂದಳು ತಂಗಿ, ಅಡುಗೆಮನೆಯ ನೆಲದ ಮೇಲೆ ಕೂತು ಆ ಪಟ್ಟೆ ಅಂಗಿಗೆ ಗುಂಡಿ ಹೊಲಿಯುತ್ತಾ. “ಇದನ್ನ ಹಾಕ್ಕೊಂಡ್ರೆ ನೀನು ಥೇಟ್ ಹಾಸಿಗೆ ಸುರುಳಿ.”

“ನಾನು ಬಿಟ್ಟು ಬಂದ್ರೆ ಅಲ್ಲಿ ಆ ಹಲಗೆ ಪರವಾಗಿ ಮಾತಾಡೋರು ಯಾರೇ ಇದ್ದಾರೆ?” ಅಂದಳು ಉಪ್ಪಕ್ಕ. ಹಾಗಂದವಳು ಇನ್ನೂ ಒಂದು ಮಳೆಗಾಲ ಪೂರ್ತಿ ಬಾಯಿ ಮುಚ್ಚಿಕೊಂಡು ಒಣ ಹಲಗೆಗೆ ಒಣ ಪೊರಕೆ ಆಡಿಸಿದಳು.

ಒಂದು ದಿನ ನೋಡುವವರ ಗುಂಪಿನಲ್ಲಿ ಕೋಲೂರಿಕೊಂಡು ನಿಂತಿದ್ದ ಮುದುಕನೊಬ್ಬ, ಹಳೇ ನಾವಿಕ, ಮೆತ್ತಗೆ ಕೇಳಿದ: “ನೀರೆಲ್ಲಮ್ಮ?”

ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಬಕೆಟ್ಟು ಕೆಳಗಿಟ್ಟು ನೆಟ್ಟಗೆ ಬಡಗಿಗಳ ಕೋಣೆಗೆ ಹೋಗಿ ಒಂದು ದಬ್ಬಳ ತಂದಳು. ಗಟ್ಟಿ ಹಲಗೆಯಾದರೆ ದಬ್ಬಳ ಉಗುರಿನಷ್ಟೂ ಇಳಿಯುವುದಿಲ್ಲ, ಬಡಗಿಗಳು ಮರ ಪರೀಕ್ಷಿಸುವುದೇ ಹಾಗೆ. ಮುದುಕನ ಮುಂದೆ ಮಂಡಿಯೂರಿ, ಹೊಳೆಯುವ ವಾರ್ನಿಶ್ಶಿನ ಮೇಲೆ ಇಟ್ಟು ಒತ್ತಿದಳು. ಹಿಡಿಯವರೆಗೂ ಇಳಿಯಿತು. ಕಿತ್ತಾಗ ತೂತಿನಿಂದ ಕಂದು ನೀರು ಜಿನುಗಿತು. ಪಕ್ಕದ ಹಲಗೆಗೂ ಚುಚ್ಚಿದಳು, ಅದರ ಪಕ್ಕದ್ದಕ್ಕೂ. ಅಪ್ಪ ಕೈಯಾರೆ ಕೂರಿಸಿದ ಹಲಗೆಗಳು. ಅವಳ ಕಣ್ಣಲ್ಲಿ ನೀರು ಬಂದುಬಿಟ್ಟಿತು, ಕೈ ಮಾತ್ರ ನಿಲ್ಲಲಿಲ್ಲ.

ಮೇಲ್ವಿಚಾರಕ ಓಡಿಬಂದ. “ತೂತು ಮಾಡೋಕೆ ಯಾರು ಹೇಳಿದ್ದು ನಿಮಗೆ?”

“ಕೊಳೆತಿರೋದು ನನ್ನ ದಬ್ಬಳದಿಂದ ಅಲ್ಲ ಸಾರ್. ಬೇಕಿದ್ರೆ ನೀವೇ ಒತ್ತಿ ನೋಡಿ.” ಅವಳು ದಬ್ಬಳ ಮುಂದೆ ಹಿಡಿದಳು. ಅವನು ಮುಟ್ಟಲಿಲ್ಲ. ನಿಂತ ಜನ ಫೋಟೋ ಹೊಡೆದುಕೊಂಡರು.

ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ತಜ್ಞರ ತಂಡ ಬಂತು, ವಾರ್ನಿಶ್ ಹೆರೆಸಿತು, ಮೂವತ್ತೊಂದು ಹಲಗೆ ಕಿತ್ತು ದಡಕ್ಕೆ ಹಾಕಿಸಿತು. ಮುಂಜಾನೆ ಉಪ್ಪುನೀರಲ್ಲೇ ತೊಳೆಯತಕ್ಕದ್ದು ಅಂತ ಬರೆದುಕೊಟ್ಟಿತು, ಇದೇನೋ ತಾವೇ ಕಂಡುಹಿಡಿದವರ ಹಾಗೆ. ಮೇಲ್ವಿಚಾರಕನಿಗೆ ಇನ್ನೂ ದೊಡ್ಡ ಮ್ಯೂಸಿಯಮ್ಮಿಗೆ ಬಡ್ತಿ ಸಿಕ್ಕಿತು. ಉಪ್ಪಕ್ಕನಿಗೆ ಸಿಕ್ಕಿದ್ದು ಒಂದು ನೋಟಿಸು: ಹರಿತವಾದ ಸಲಕರಣೆಯಿಂದ ಪುರಾತನ ವಸ್ತುವಿಗೆ ಹಾನಿ ಮಾಡಿದ್ದೀರಿ, ಏಳು ದಿನದೊಳಗೆ ಸಮಜಾಯಿಷಿ ಕೊಡಿ.

ತಂಗಿ ಉರಿದುಬಿದ್ದಳು. ವಕೀಲರನ್ನು ನೋಡೋಣ ಅಂದಳು, ಪೇಪರಿಗೆ ಹಾಕಿಸೋಣ ಅಂದಳು. ಉಪ್ಪಕ್ಕ ಊಟದ ಮೇಜಿನ ಮೇಲೆ ಹಾಳೆ ಹರಡಿ, ಅಕ್ಷರ ಒತ್ತಿ ಒತ್ತಿ ಮೂರೇ ಸಾಲು ಬರೆದಳು:

“ಚುಚ್ಚಿದ್ದು ನಾನೇ. ವಾರ್ನಿಶ್ ಹೊಡೆದ ವಾರವೇ ಜನರ ಮುಂದೆ ಬಾಯಿ ಬಿಡಬೇಕಿತ್ತು, ಕೆಲಸ ಹೋದೀತೆಂದು ಹೆದರಿ ಎರಡು ಮಳೆಗಾಲ ಸುಮ್ಮನಿದ್ದೆ. ಹಾನಿ ಅಂತ ನಾನು ಮಾಡಿದ್ದು ಅದೊಂದೇ.”