ಕರಿ ಕೋಟಿನ ಕಟೌಟು

ಕಾಕ್ಸ್ ಟೌನಿನ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಅಡ್ವೊಕೇಟ್ ಅಂಜನಮೂರ್ತಿಯ ಆಫೀಸು. ಗೋಡೆ ತುಂಬ ಅವನದೇ ಫೋಟೋ. ಕಾನೂನಿನ ಪುಸ್ತಕವನ್ನು ಮಾತ್ರ ಹುಡುಕಬೇಕು. ಹಲಸೂರಿನಲ್ಲಿ ಹುಟ್ಟಿದ ಈ ಪುಣ್ಯಾತ್ಮ ಮೊದಲು ಸಿನಿಮಾದವರಿಗೆ ಪ್ರಚಾರ ಮಾಡಿಕೊಂಡಿದ್ದ. ಮೂರು ದಿನ ಓಡದ ಚಿತ್ರಕ್ಕೆ ವಿಜಯೋತ್ಸವ ಮಾಡಿಸಿದ, ಬಾಡಿಗೆ ಅಭಿಮಾನಿಗಳ ಕೈಲಿ ಕಟೌಟಿಗೆ ಹಾಲು ಹೊಯ್ಯಿಸಿದ. ಆಮೇಲೆ ಆರ್ಕೆಸ್ಟ್ರಾ ಹಾಡುಗಾರರಿಗೆ ಮ್ಯಾನೇಜರಾಗಿ, ಅವರನ್ನು ಕಂಡಕಂಡ ಕಂಪನಿಗಳಿಗೆ ಕಟ್ಟಿಹಾಕಿ ಕಮಿಷನ್ ತಿಂದ. ನಲವತ್ತು ದಾಟಿದ ಮೇಲೆ ಅದೇನು ಹೊಳೆಯಿತೋ, ಕಾನೂನು ಓದಿ ಕರಿ ಕೋಟು ತೊಟ್ಟು 'ಕಲಾವಿದರ ಪರ ಹೋರಾಟಗಾರ'ನಾಗಿಬಿಟ್ಟ. ಕಟ್ಟಿಹಾಕಿದವನೂ ಅವನೇ, ಬಿಚ್ಚಿಸುತ್ತೇನೆಂದು ತೋಳೇರಿಸಿದವನೂ ಅವನೇ. ನಾಚಿಕೆ ಅನ್ನುವುದು ಆ ಮುಖದ ಹತ್ತಿರ ಸುಳಿದದ್ದೇ ಇಲ್ಲ.

ಇವನ ಜಾತಕವೆಲ್ಲ ವಾಜಿದನಿಗೆ ಗೊತ್ತು. ವಾಜಿದ್ ಶಿವಾಜಿನಗರದ ಗುಜರಿಯಲ್ಲಿ ಹಳೇ ಮೋಟಾರು ಸಾಮಾನು ಮಾರುವವನು. ಆಗಿನ ಕಾಲದಲ್ಲಿ ಮೂರ್ತಿ ಪ್ರಚಾರ ಹೊತ್ತ ಚಿತ್ರಗಳಿಗೆ ಶಿಳ್ಳೆ ಹೊಡೆಯುವ ಗ್ಯಾಂಗು ಕಟ್ಟಿಕೊಂಡು ಹೋಗುತ್ತಿದ್ದವನೂ ಅವನೇ. ಮೂರ್ತಿ ಕರ್ಚೀಫು ತೆಗೆದು ಬೋಳುತಲೆ ಒರೆಸಿಕೊಂಡರೆ ಥಿಯೇಟರು ಹಾರಿಹೋಗುವಂತೆ ಶಿಳ್ಳೆ ಬೀಳಬೇಕು. ಅದು ಸನ್ನೆ.

ಅಂಥವನ ಬಳಿ ವಾಜಿದ್ ತಂಗಿಯ ಕೇಸು ಒಯ್ದದ್ದು ಫೀಸು ಬೇಡ ಎಂದನೆಂಬ ಒಂದೇ ಕಾರಣಕ್ಕೆ. ತಂಗಿ ಗುಲ್ಷನ್ ರಾಮಮೂರ್ತಿ ನಗರದ ಬಾಡಿಗೆ ಮನೆಯಲ್ಲಿ ಒಬ್ಬಳೇ ದುಡಿದು ಮಗಳನ್ನು ಸಾಕುತ್ತಿರುವ ಆರ್ಕೆಸ್ಟ್ರಾ ಗಾಯಕಿ. ಮೂರ್ತಿಯೇ ಹಿಂದೆ ಸಹಿ ಹಾಕಿಸಿದ ಕಂಪನಿಯೊಂದು, ಬೇರೆಯವರ ವೇದಿಕೆಯಲ್ಲಿ ಅವಳು ಹಾಡಕೂಡದು ಎಂದು ಕೋರ್ಟಿನಿಂದ ತಡೆ ತಂದಿತ್ತು. ಒಪ್ಪಂದದ ಅವಧಿ ಮುಗಿದೇ ವರ್ಷವಾಗಿತ್ತು. ಅದೊಂದು ಮಾತನ್ನು ಜಡ್ಜಿನ ಮುಂದೆ ನೆಟ್ಟಗೆ ಹೇಳಿದರೆ ಸಾಕು, ತಡೆ ಹೋಗುತ್ತದೆ. ಹೋಗಲೇಬೇಕು, ಮುಂದೆ ನವೆಂಬರು. ಗಲ್ಲಿಗಲ್ಲಿಯಲ್ಲೂ ರಾಜ್ಯೋತ್ಸವದ ಆರ್ಕೆಸ್ಟ್ರಾ. ವರ್ಷದ ಗಂಜಿಯನ್ನು ಅವಳು ಆ ಒಂದು ತಿಂಗಳಲ್ಲೇ ದುಡಿಯುತ್ತಿದ್ದಳು.

"ಕೋರ್ಟು ಅಂದ್ರೂ ಶೋನೇ ಕಣಯ್ಯಾ," ಎಂದ ಮೂರ್ತಿ, ಕುರ್ಚಿಯಲ್ಲಿ ತೂಗಾಡುತ್ತ. "ಹಾಲ್ ಫುಲ್ ಇರ್ಬೇಕು. ನಿನ್ ಗ್ಯಾಂಗ್ ಕರ್ಕೊಂಡ್ ಬಾ. ಜನ ಇದಾರೆ ಅಂತ ಜಡ್ಜಿಗೆ ಗೊತ್ತಾಗ್ಲಿ."

"ಜಡ್ಜೇನು ಟಿಕೆಟ್ ತಗೊಂಡ್ ಬರ್ತಾರಾ ಸಾರ್? ನೀವು ಪೇಪರ್ ಓದ್ಕೊಳಿ, ಸಾಕು."

"ನಂಗೇ ಹೇಳ್ಕೊಡ್ತೀಯೇನೋ ಗುಜರಿ? ಆಗಲ್ಲ ಅಂದ್ರೆ ಬೇರೆ ಲಾಯರ್ ನೋಡ್ಕೊ, ಹೋಗು."

ವಾಜಿದ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಪಕ್ಕದಲ್ಲಿ ಕೂತಿದ್ದ ಗುಲ್ಷನ್ ಅವನ ತೋಳು ಹಿಡಿದಳು. "ಭಾಯಿ, ಕರ್ಕೊಂಡ್ ಬಾ. ಸುಮ್ನೆ ಕೂತ್ಕೊಂಡ್ರೆ ಏನ್ ಗಂಟು ಹೋಗುತ್ತೆ?"

ವಿಚಾರಣೆಯ ದಿನ ಹಳೇ ಗ್ಯಾಂಗನ್ನು ಕೋರ್ಟಿಗೆ ಕರೆದುಕೊಂಡು ಹೋದ. ಕೆಮ್ಮಲೂ ಬಾರದು ಎಂದು ಒಬ್ಬೊಬ್ಬರಿಗೂ ಹೇಳಿ, ಹಿಂದಿನ ಬೆಂಚುಗಳಲ್ಲಿ ಕೂರಿಸಿದ. ಎಲ್ಲರೂ ಈಗ ಹೊಟ್ಟೆ ಬಂದ, ತಲೆ ನೆರೆತ ಗಂಡಸರು.

ಮೂರ್ತಿ ಎದ್ದು, ಕಲೆ, ಕಲಾವಿದೆ, ಕಣ್ಣೀರು ಎಂದು ಶುರುಮಾಡಿದ. ಜಡ್ಜಮ್ಮ ಕನ್ನಡಕದ ಮೇಲಿನಿಂದ ನೋಡಿದರು.

"ವಕೀಲರೇ, ಒಪ್ಪಂದದ ಅವಧಿ ಯಾವಾಗ ಮುಗೀತು?"

ಮೂರ್ತಿ ಕಡತ ತಿರುವಿದ. ಹಿಂದಕ್ಕೆ ತಿರುವಿದ, ಮುಂದಕ್ಕೆ ತಿರುವಿದ. ಓದಿದ್ದರೆ ತಾನೇ ಸಿಗುವುದು!

"ಕಲೆಗೆ ಎಲ್ಲಿದೆ ಅವಧಿ, ಮಹಾಸ್ವಾಮಿ?"

"ನಾನು ಕೇಳಿದ್ದು ಒಪ್ಪಂದದ್ದು."

ಅವನ ನೆತ್ತಿಯಲ್ಲಿ ಬೆವರು ಒಡೆಯಿತು. ಕೈ ಜೇಬಿಗೆ ಹೋಯಿತು. ಬೇಡ, ಬೇಡ ಎಂದು ವಾಜಿದ್ ಒಳಗೇ ಕೂಗಿಕೊಂಡ. ಕರ್ಚೀಫು ಹೊರಗೆ ಬಂತು, ಬೋಳುತಲೆಯ ಮೇಲೆ ಆಡಿತು. ಹಿಂದಿನ ಬೆಂಚಿನಿಂದ, ಅಷ್ಟು ವರ್ಷದ ಅಭ್ಯಾಸಬಲ, ಕಿವಿ ಹರಿಯುವಂತೆ ಶಿಳ್ಳೆ ಬಿತ್ತು. ಒಂದರ ಹಿಂದೆ ಇನ್ನೊಂದು. ಒಬ್ಬನಂತೂ "ಬಾಸ್!" ಎಂದೂ ಕೂಗಿದ.

ಪೊಲೀಸರು ಎಲ್ಲರನ್ನೂ ಕತ್ತು ಹಿಡಿದು ಹೊರಗೆ ಹಾಕಿದರು. ಜಡ್ಜಮ್ಮ ವಕೀಲನಿಗೆ ಛೀಮಾರಿ ಹಾಕಿ ವಿಚಾರಣೆಯನ್ನು ಡಿಸೆಂಬರಿಗೆ ತಳ್ಳಿದರು. ಗುಲ್ಷನಳ ನವೆಂಬರು ಕೈತಪ್ಪಿತು. ಕೋರ್ಟಿನ ಹೊರಗೆ ನೋಡಿದರೆ ಈ ಮಹಾನುಭಾವ ಯಾವುದೋ ಯೂಟ್ಯೂಬ್ ಚಾನೆಲ್ಲಿನವನ ಮೈಕಿಗೆ, "ಇದು ಜನರ ಆಕ್ರೋಶ!" ಎನ್ನುತ್ತಿದ್ದ.

ಹೊಸ ವಕೀಲರೊಬ್ಬರು ಒಪ್ಪಿದರು. ಆದರೆ ಕೇಸು ಬೇರೆಯವರಿಗೆ ಬಿಟ್ಟುಕೊಡಲು ತನ್ನ ತಕರಾರಿಲ್ಲ ಎಂದು ಮೂರ್ತಿ ಸಹಿ ಹಾಕಿಕೊಡಬೇಕಿತ್ತು. ಅಣ್ಣ ತಂಗಿ ಮತ್ತೆ ಆ ಮೆಟ್ಟಿಲು ಹತ್ತಿದರು.

"ಹಾಕ್ತೀನಮ್ಮಾ, ನಂಗೇನು," ಎಂದು ಮೂರ್ತಿ ವೀಡಿಯೊ ತೆಗೆಯಲು ಮೊಬೈಲು ಎತ್ತಿದ. "ಮೂರ್ತಿ ಸಾರ್ ನನಗೋಸ್ಕರ ತುಂಬ ಹೋರಾಡಿದ್ರು ಅಂತ ಎರಡು ಮಾತು ಹೇಳ್ಬಿಡು. ನನ್ ಹೆಸರಿನ ಪ್ರಶ್ನೆ."

ಅವಳು ಹೇಳಿದಳು.

"ಇನ್ನೊಂದ್ ಟೇಕ್. ಮುಖದಲ್ಲಿ ನಗುನೇ ಬರ್ಲಿಲ್ಲ."

ವಾಜಿದ್ ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟಿಗೆ ಕೈ ಹಾಕಿದ. "ಇಡು ಭಾಯಿ, ಕೆಳಗೆ," ಎಂದಳು ಗುಲ್ಷನ್, ಅವನ ಕಡೆ ತಿರುಗದೆ. ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡಳು, ಸ್ಟೇಜಿನ ಮೇಲೆ ನಗುವಂತೆ ಹಲ್ಲು ತೋರಿಸಿ ನಕ್ಕಳು, ಅಷ್ಟೂ ಮಾತನ್ನು ಮತ್ತೆ ಹೇಳಿದಳು. ಸಹಿ ಬಿತ್ತು. ಕಡತ ಅವಳ ಬಗಲಿಗೆ ಬಂತು.

ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ ವಾಜಿದ್ ಬಾಯಿಗೆ ಬಂದಂತೆ ಬೈಯತೊಡಗಿದ. ಅವಳು ಆಟೋ ಕೈಮಾಡಿ ನಿಲ್ಲಿಸಿದಳು.

"ಡಿಸೆಂಬರಲ್ಲಿ ನಾನೊಬ್ಳೇ ಹೋಗ್ತೀನಿ," ಎಂದಳು. "ನೀನೂ ಬರ್ಬೇಡ, ಭಾಯಿ."